ಸಂಶೋಧನೆಗೂ ರೆಂಡಿಟ್ಟಾ ಲೆಕ್ಕವಿದೆ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಪಠ್ಯ)





ಪ್ರತಿ ವರ್ಷ ಈ ಸಭೆಯಲ್ಲಿ ನಾವು ಜಮಾ ಖರ್ಚು ಓದುತ್ತೇವೆ, ಚೆಕ್ ಹಂಚುತ್ತೇವೆ, ದುವಾ ಮಾಡಿ ಮುಗಿಸುತ್ತೇವೆ. ಜಮಾ ಖರ್ಚು ಈ ವರದಿಯಲ್ಲಿ ಬೇರೆಯಾಗಿ ಅಚ್ಚಾಗಿದೆ. ಇಂದು ನಾವು ಬೇರೊಂದು ಮಾತು ಹೇಳಬೇಕಾಗಿದೆ. ಈ ವರ್ಷ ನಮಗೆ ಬಂದ ಒಂದು ಅರ್ಜಿ ನಮ್ಮನ್ನೇ ಪಾಠಕ್ಕೆ ಕೂರಿಸಿತು.

ಅರ್ಜಿ ಹಾಕಿದವರು ಪಿಎಚ್.ಡಿ. ಮಾಡುತ್ತಿರುವ ನಮ್ಮ ಊರಿನ ಯುವಕ. ವಿಷಯ: ವೈದ್ಯಕೀಯ ಪಾಲಿಮರ್‌ಗಳು ಮತ್ತು ಜೈವಿಕ ವಸ್ತುಗಳು. ಅರ್ಜಿಯ ಜೊತೆ ಪ್ರಕಟವಾದ ಲೇಖನಗಳ ಪಟ್ಟಿ, ಅವುಗಳಿಗೆ ಬಂದ ಉಲ್ಲೇಖಗಳ ಸಂಖ್ಯೆ, ಎಚ್-ಇಂಡೆಕ್ಸ್, ಇಂಪ್ಯಾಕ್ಟ್ ಫ್ಯಾಕ್ಟರ್ ಎಲ್ಲವೂ ಇದ್ದವು. ನಮ್ಮ ಆಯ್ಕೆ ಸಮಿತಿಯಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ವಕೀಲರಿದ್ದಾರೆ, ರೀಲಿಂಗ್ ಘಟಕ ನಡೆಸುವವರಿದ್ದಾರೆ. ಅಂಕಪಟ್ಟಿ, ಆದಾಯ ಪತ್ರ, ಫೀಸ್ ರಸೀದಿ ನೋಡಿ ತೀರ್ಮಾನ ಮಾಡುವುದು ನಮಗೆ ಗೊತ್ತು. ಈ ಅಂಕಿಗಳನ್ನು ಓದುವುದು ಯಾರಿಗೂ ಗೊತ್ತಿರಲಿಲ್ಲ. ಆಗ ನಮ್ಮ ರೀಲರ್ ಸದಸ್ಯರು ಕೇಳಿದರು: "ಇಷ್ಟೊಂದು ಲೇಖನ ಸರಿ, ಇದರ ರೆಂಡಿಟ್ಟಾ ಎಷ್ಟು?"

ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ ಅದಕ್ಕಿಂತ ಸರಿಯಾದ ಪ್ರಶ್ನೆ ಇರಲಿಲ್ಲ.

ಗೂಡು ಮಾರುಕಟ್ಟೆ ಕಾಣದ ಮಕ್ಕಳಿಗಾಗಿ ಒಂದು ಮಾತು. ಒಂದು ಕೆ.ಜಿ. ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕಾಯಿತು ಎಂಬ ಲೆಕ್ಕವೇ ರೆಂಡಿಟ್ಟಾ. ಮಿಶ್ರತಳಿ ಗೂಡಿನಲ್ಲಿ ಅದು ಏಳೋ ಎಂಟೋ ಬರುತ್ತದೆ. ಒಳ್ಳೆಯ ಬೈವೋಲ್ಟೀನ್ ಗೂಡಿನಲ್ಲಿ ಅದಕ್ಕಿಂತ ಕಡಿಮೆ. ಲಾಟ್ ನೋಡಲು ದಪ್ಪಗಿರಬಹುದು, ತಕ್ಕಡಿಯಲ್ಲಿ ತೂಗಬಹುದು. ಬೇಸಿನ್‌ಗೆ ಹಾಕಿದಾಗ ಎಳೆ ಪದೇ ಪದೇ ಕಡಿದರೆ ರೀಲರ್‌ಗೆ ನಷ್ಟವೇ. ಆದ್ದರಿಂದ ಅನುಭವಸ್ಥರು ತೂಕಕ್ಕೆ ಮರುಳಾಗುವುದಿಲ್ಲ, ನೂಲು ಎಷ್ಟು ಬಂತು ಎಂದು ಕೇಳುತ್ತಾರೆ. ಲೇಖನಗಳ ಸಂಖ್ಯೆ ಗೂಡಿನ ತೂಕವಿದ್ದಂತೆ. ಆ ಲೇಖನದಿಂದ ಬೇರೆಯವರಿಗೆ ಎಷ್ಟು ಉಪಯೋಗವಾಯಿತು ಎಂಬುದೇ ನೂಲು. ಈ ಒಂದು ಲೆಕ್ಕ ಹಿಡಿದುಕೊಂಡು ನಾವು ಕೆಲವು ತಿಂಗಳು ಓದಿದೆವು, ತಿಳಿದವರನ್ನು ಕೇಳಿದೆವು. ತಿಳಿದದ್ದನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು, ಪಾಲಿಮರ್ ಎಂದರೇನು? ಸಣ್ಣ ಸಣ್ಣ ಅಣುಗಳು ತಸ್ಬೀಹ್ ಮಣಿಗಳಂತೆ ಸಾಲಾಗಿ ಕೂಡಿ ಉದ್ದ ಸರವಾದರೆ ಅದು ಪಾಲಿಮರ್. ಪ್ಲಾಸ್ಟಿಕ್ ಒಂದು ಪಾಲಿಮರ್, ಹತ್ತಿಯೂ ಪಾಲಿಮರ್, ರೇಷ್ಮೆಯೂ ಪಾಲಿಮರ್. ದೇಹದ ಒಳಗೆ ಅಥವಾ ಗಾಯದ ಮೇಲೆ ಅಪಾಯವಿಲ್ಲದೆ ಬಳಸಬಹುದಾದ ಪಾಲಿಮರ್‌ಗಳ ಬಗ್ಗೆ ನಡೆಯುವ ಕೆಲಸವೇ ಈ ಯುವಕನ ವಿಷಯ. ಆಪರೇಷನ್ ಆದಮೇಲೆ ತಾನಾಗಿ ಕರಗುವ ಹೊಲಿಗೆಯನ್ನು ನಮ್ಮ ಎಷ್ಟೋ ತಾಯಂದಿರು ಕಂಡಿದ್ದಾರೆ. ಅಂತಹ ಹೊಲಿಗೆಯ ದಾರಕ್ಕೆ ಬಳಸುವ ಒಂದು ಪಾಲಿಮರ್ ದೇಹದಲ್ಲಿ ನಿಧಾನವಾಗಿ ಮುರಿದು ಲ್ಯಾಕ್ಟಿಕ್ ಆಮ್ಲ, ಗ್ಲೈಕಾಲಿಕ್ ಆಮ್ಲವಾಗುತ್ತದೆ. ಲ್ಯಾಕ್ಟಿಕ್ ಆಮ್ಲ ನಮ್ಮ ಮನೆಯ ಮೊಸರಿನಲ್ಲೂ ಇರುವಂಥದ್ದು. ಅದೇ ಜಾತಿಯ ಪಾಲಿಮರ್‌ನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿ, ಒಳಗೆ ಔಷಧಿ ತುಂಬಿದರೆ, ಪಾಲಿಮರ್ ಕರಗುತ್ತಾ ಹೋದಂತೆ ಔಷಧಿ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಪದೇ ಪದೇ ತೆಗೆದುಕೊಳ್ಳಬೇಕಾದ ಔಷಧಿಯ ಸರದಿಯನ್ನು ಹೀಗೆ ಕಡಿಮೆ ಮಾಡಬಹುದು.

ಈ ವಿದ್ಯೆ ಅಮೆರಿಕ, ಜಪಾನ್‌ಗಳದ್ದು, ನಮ್ಮಂಥ ಊರಿನವರದ್ದಲ್ಲ ಎಂದು ನಾವೂ ಅಂದುಕೊಂಡಿದ್ದೆವು. ಹುಡುಕುತ್ತಾ ಹೋದಾಗ ಧಾರವಾಡ ಸಿಕ್ಕಿತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮ್ಮಿನಭಾವಿ ಎಂಬ ರಸಾಯನಶಾಸ್ತ್ರಜ್ಞರು ಹಲವು ವರ್ಷ ಪಾಲಿಮರ್‌ಗಳ ಮೇಲೆ ಕೆಲಸ ಮಾಡಿದರು. ಅಲ್ಲಿನ ಪಾಲಿಮರ್ ವಿಜ್ಞಾನ ಉತ್ಕೃಷ್ಟತಾ ಕೇಂದ್ರದ ಜೊತೆ ಅವರ ಹೆಸರು ಸೇರಿಹೋಗಿದೆ. ಆಮೇಲೆ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಕೆಲಸ ಮುಂದುವರಿಸಿದರು. 2001ರಲ್ಲಿ 'ಜರ್ನಲ್ ಆಫ್ ಕಂಟ್ರೋಲ್ಡ್ ರಿಲೀಸ್' ಎಂಬ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ದೇಹದಲ್ಲಿ ಕರಗುವ ಪಾಲಿಮರ್‌ನ ನ್ಯಾನೊ ಕಣಗಳಿಂದ ಔಷಧಿ ತಲುಪಿಸುವುದು ಹೇಗೆ ಎಂಬುದು ಅದರ ವಿಷಯ. ಬರೆದವರು ಸೊಪ್ಪಿಮಠ, ಅಮ್ಮಿನಭಾವಿ, ಕುಲಕರ್ಣಿ ಮತ್ತು ಅಮೆರಿಕದ ರುಡ್ಜಿನ್ಸ್ಕಿ. 2004ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬಂತು. ಸೀಗಡಿ, ಏಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ಪಾಲಿಮರ್‌ನಿಂದ ಔಷಧಿ ಕಣ ಮಾಡುವ ವಿಧಾನಗಳ ಬಗ್ಗೆ. ಅದನ್ನು ಬರೆದ ಅಗ್ನಿಹೋತ್ರಿ, ಮಲ್ಲಿಕಾರ್ಜುನ, ಅಮ್ಮಿನಭಾವಿ ಮೂವರೂ ಧಾರವಾಡದ ಕೇಂದ್ರದವರೇ.

ಈ ಎರಡು ಲೇಖನಗಳನ್ನು ಪ್ರಪಂಚದಾದ್ಯಂತ ಬೇರೆ ಸಂಶೋಧಕರು ತಮ್ಮ ಲೇಖನಗಳಲ್ಲಿ ಸಾವಿರಾರು ಬಾರಿ ಉಲ್ಲೇಖಿಸಿದ್ದಾರೆ. ಒಂದು ರಾಜ್ಯ ವಿಶ್ವವಿದ್ಯಾಲಯದಿಂದ, ನಾವು ರೈಲಿನಲ್ಲಿ ಒಂದು ರಾತ್ರಿ ಕಳೆದರೆ ಮುಟ್ಟುವ ಊರಿನಿಂದ.

ಮಕ್ಕಳೇ, ಇದರಲ್ಲಿ ನೀವು ಗಮನಿಸಬೇಕಾದ ಮೂರು ಸಂಗತಿಗಳಿವೆ.

ಒಂದು, ಹೆಸರಿನ ಸಾಲು. ಎರಡು ಲೇಖನಗಳಲ್ಲೂ ಮೊದಲ ಹೆಸರು ಹಿರಿಯ ಪ್ರೊಫೆಸರರದ್ದಲ್ಲ. ಈ ಕ್ಷೇತ್ರದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸದ ಹೆಚ್ಚಿನ ಭಾರ ಹೊತ್ತವರದ್ದು, ಬಹಳ ಸಲ ಸಂಶೋಧನಾ ವಿದ್ಯಾರ್ಥಿಯದ್ದು. ದೊಡ್ಡವರಾದ ಮೇಲೆ ಮಾತ್ರ ಸಾಧನೆ ಎಂಬುದು ಇಲ್ಲಿ ನಿಜವಲ್ಲ.

ಎರಡು, ಇವು ಸಮೀಕ್ಷಾ ಲೇಖನಗಳು. ಅಲ್ಲಿಯವರೆಗೆ ಎಲ್ಲೆಲ್ಲೋ ಚದುರಿದ್ದ ನೂರಾರು ಪ್ರಯೋಗಗಳನ್ನು ಓದಿ, ಜೊಳ್ಳು ತೂರಿ, ಯಾವ ವಿಧಾನ ಯಾವುದಕ್ಕೆ ಒಳ್ಳೆಯದು ಎಂದು ಜೋಡಿಸಿ ಕೊಟ್ಟ ಕೆಲಸ. ನಮ್ಮ ರೀಲರ್‌ಗಳು ಒಂದೊಂದೇ ಗೂಡಿನ ಎಳೆಯನ್ನು ನೂಲು ಎನ್ನುವುದಿಲ್ಲ. ಹಲವು ಗೂಡುಗಳ ಎಳೆ ಕೂಡಿಸಿದಾಗಲೇ ನೇಯಬಲ್ಲ ನೂಲಾಗುತ್ತದೆ. ಆ ತರಹ. ಹೊಸದಾಗಿ ಬರುವ ಪ್ರತಿ ಸಂಶೋಧಕರಿಗೂ ಇಂತಹ ಲೇಖನ ಬೇಕು. ಹಾಗಾಗಿ ಸಮೀಕ್ಷೆಗಳಿಗೆ ಉಲ್ಲೇಖ ಹೆಚ್ಚು ಬರುತ್ತದೆ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕಷ್ಟಪಟ್ಟು ಒಂದೇ ಒಂದು ಹೊಸ ವಸ್ತು ಮಾಡಿದವರ ಲೇಖನಕ್ಕೆ ಅಷ್ಟು ಬಾರದೇ ಇರಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೂರು, ಉಲ್ಲೇಖ ಎಂದರೆ ರೋಗಿ ಗುಣವಾದರು ಎಂದಲ್ಲ. ಲೇಖನದಿಂದ ಆಸ್ಪತ್ರೆಯ ಹಾಸಿಗೆಯವರೆಗಿನ ದಾರಿ ಬಹಳ ಉದ್ದ. ಪ್ರಾಣಿಗಳ ಮೇಲಿನ ಪರೀಕ್ಷೆ, ಮನುಷ್ಯರ ಮೇಲಿನ ಪರೀಕ್ಷೆ, ಸರ್ಕಾರದ ಅನುಮತಿ, ತಯಾರಿಕೆಯ ಖರ್ಚು ಎಲ್ಲವನ್ನೂ ದಾಟಬೇಕು. ಉಲ್ಲೇಖ ಹೇಳುವುದು ಇಷ್ಟೇ: ಮುಂದೆ ನಡೆಯುವವರು ಈ ಹೆಜ್ಜೆಯ ಮೇಲೆ ಕಾಲಿಟ್ಟರು. ಅದು ಸಣ್ಣ ಮಾತಲ್ಲ, ಕೊನೆಯ ಮಾತೂ ಅಲ್ಲ.

ಇನ್ನು ಆ ಅಂಕಿಗಳು. ಎಚ್-ಇಂಡೆಕ್ಸ್ ಎಂಬುದನ್ನು 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತಶಾಸ್ತ್ರಜ್ಞರು ಸೂಚಿಸಿದರು. ಒಬ್ಬರ ಐದು ಲೇಖನಗಳಿಗೆ ಕ್ರಮವಾಗಿ 50, 20, 9, 4, 2 ಉಲ್ಲೇಖ ಬಂದಿವೆ ಎನ್ನಿ. ಕನಿಷ್ಠ ನಾಲ್ಕು ಉಲ್ಲೇಖ ಪಡೆದ ಲೇಖನಗಳು ನಾಲ್ಕು ಇವೆ. ಕನಿಷ್ಠ ಐದು ಪಡೆದವು ಐದು ಇಲ್ಲ. ಆದ್ದರಿಂದ ಅವರ ಎಚ್-ಇಂಡೆಕ್ಸ್ 4. ಒಂದೇ ಲೇಖನ ಹೆಸರು ಮಾಡಿದರೆ ಇದು ಏರುವುದಿಲ್ಲ, ಯಾರೂ ಓದದ ನೂರು ಲೇಖನ ಬರೆದರೂ ಏರುವುದಿಲ್ಲ. ಅಷ್ಟರ ಮಟ್ಟಿಗೆ ಇದು ನ್ಯಾಯದ ಲೆಕ್ಕ. ಆದರೆ ಇದು ವಯಸ್ಸಾದಂತೆ ಏರುತ್ತಲೇ ಹೋಗುವ ಅಂಕಿ, ಇಳಿಯುವುದೇ ಇಲ್ಲ. ಇಪ್ಪತ್ತೈದರ ಹುಡುಗಿಯನ್ನು ಅರವತ್ತರ ಪ್ರೊಫೆಸರರ ಜೊತೆ ಇದರಲ್ಲಿ ಹೋಲಿಸುವುದು ತಪ್ಪು. ಸಾವಿರಾರು ಜನ ಕೆಲಸ ಮಾಡುವ ಕ್ಷೇತ್ರವನ್ನು ಕೆಲವೇ ಜನರಿರುವ ಕ್ಷೇತ್ರದ ಜೊತೆ ಹೋಲಿಸುವುದೂ ತಪ್ಪು.

ಇಂಪ್ಯಾಕ್ಟ್ ಫ್ಯಾಕ್ಟರ್ ಪತ್ರಿಕೆಯ ಅಂಕಿ, ಲೇಖನದ್ದಲ್ಲ. ಹಿಂದಿನ ಎರಡು ವರ್ಷ ಆ ಪತ್ರಿಕೆಯಲ್ಲಿ ಬಂದ ಲೇಖನಗಳು ಈ ವರ್ಷ ಸರಾಸರಿ ಎಷ್ಟು ಬಾರಿ ಉಲ್ಲೇಖವಾದವು ಎಂಬ ಲೆಕ್ಕ ಅದು. ಒಳ್ಳೆಯ ಶಾಲೆಯಲ್ಲಿ ಓದಿದ ಮಾತ್ರಕ್ಕೆ ಎಲ್ಲ ಮಕ್ಕಳೂ ಜಾಣರಾಗುವುದಿಲ್ಲವಲ್ಲ, ಹಾಗೆ. ಉಲ್ಲೇಖ ಎಲ್ಲವೂ ಹೊಗಳಿಕೆಯಲ್ಲ ಎಂಬುದನ್ನೂ ನೆನಪಿಡಬೇಕು. ತಪ್ಪೆಂದು ತೋರಿಸಲು ಉಲ್ಲೇಖಿಸಿದರೂ ಲೆಕ್ಕ ಒಂದೇ. ತನ್ನ ಲೇಖನವನ್ನು ತಾನೇ ಉಲ್ಲೇಖಿಸಿಕೊಂಡರೂ ಹಲವು ಕಡೆ ಲೆಕ್ಕ ಒಂದೇ.

ಈಗ ನಮ್ಮ ಊರಿಗೆ ಬರೋಣ. ಆ ಯುವಕ ಕೆಲಸ ಮಾಡುತ್ತಿರುವ ವಸ್ತು ಯಾವುದು ಗೊತ್ತೇ? ರೇಷ್ಮೆ.

ರೇಷ್ಮೆ ಎಳೆಯ ನಡುವೆ ಇರುವ ಗಟ್ಟಿ ಪ್ರೋಟೀನಿನ ಹೆಸರು ಫೈಬ್ರೊಯಿನ್. ಅದರ ಸುತ್ತ ಅಂಟಿನಂತೆ ಇರುವುದು ಸೆರಿಸಿನ್. ಹೆಚ್ಚು ಕಡಿಮೆ ಮುಕ್ಕಾಲು ಭಾಗ ಫೈಬ್ರೊಯಿನ್, ಉಳಿದದ್ದರಲ್ಲಿ ಬಹುಪಾಲು ಸೆರಿಸಿನ್. ಬಿಸಿನೀರಿನ ಬೇಸಿನ್‌ನಲ್ಲಿ ಅಂಟು ಸಡಿಲವಾದರೆ ಮಾತ್ರ ಎಳೆ ಬಿಚ್ಚುತ್ತದೆ. ಆ ನೀರಿನಲ್ಲಿ ದಿನವಿಡೀ ಕೈ ಅದ್ದಿ ಬೆರಳು ಬಿಳಚಿಕೊಂಡ ತಾಯಂದಿರು ಈ ಸಭೆಯಲ್ಲೇ ಕುಳಿತಿದ್ದಾರೆ. ನೀವು ಮುಟ್ಟುತ್ತಿರುವುದು ಸೀರೆಯ ನೂಲು ಮಾತ್ರ ಅಲ್ಲ. ರೇಷ್ಮೆ ದಾರ ಬಹಳ ಹಿಂದಿನಿಂದ ಆಪರೇಷನ್ ಹೊಲಿಗೆಗೆ ಬಳಕೆಯಲ್ಲಿದೆ. 2003ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಅವರ ತಂಡ 'ಬಯೋಮೆಟೀರಿಯಲ್ಸ್' ಪತ್ರಿಕೆಯಲ್ಲಿ ರೇಷ್ಮೆಯ ಜೈವಿಕ ವಸ್ತುಗಳ ಬಗ್ಗೆ ಬರೆದ ಸಮೀಕ್ಷೆಯೂ ಸಾವಿರಾರು ಬಾರಿ ಉಲ್ಲೇಖವಾಗಿದೆ. ಗೂಡನ್ನು ಸೋಡಾ ನೀರಿನಲ್ಲಿ ಕುದಿಸಿ ಅಂಟು ತೆಗೆದು, ಉಳಿದ ಫೈಬ್ರೊಯಿನ್ ಅನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣ ಬೇರ್ಪಡಿಸಿದರೆ ರೇಷ್ಮೆ ನೀರಿನಂತೆ ಆಗುತ್ತದೆ. ಅದರಿಂದ ತೆಳು ಹಾಳೆ, ಸ್ಪಂಜು, ಜೆಲ್ ಮಾಡಬಹುದು. ಅದರ ಮೇಲೆ ಜೀವಕೋಶಗಳನ್ನು ಬೆಳೆಸಬಹುದು. ಚರ್ಮ, ಮೂಳೆ, ಮೃದ್ವಸ್ಥಿ ಮತ್ತೆ ಬೆಳೆಯಲು ಆಸರೆಯಾಗುವಂತೆ ಮಾಡುವ ಪ್ರಯತ್ನ ಎಷ್ಟೋ ದೇಶಗಳಲ್ಲಿ ನಡೆದಿದೆ. ನಾವು ಚರಂಡಿಗೆ ಬಿಡುವ ಸೆರಿಸಿನ್ ಅನ್ನು ಥಾಯ್ಲೆಂಡಿನ ಚುಲಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ತಂಡ ಮುಲಾಮಿನಲ್ಲಿ ಬೆರೆಸಿ, ಸುಟ್ಟಗಾಯದ ರೋಗಿಗಳ ಮೇಲೆ ಪರೀಕ್ಷಿಸಿ, ಫಲಿತಾಂಶ ಪ್ರಕಟಿಸಿದೆ.

ಚನ್ನಪಟ್ಟಣದವರು ನಮಗೇನಿದೆ ಎಂದು ಕೇಳಬೇಡಿ. ಆಲೆ ಮರದ ಬೊಂಬೆ ತಿರುಗುವಾಗ ಅದರ ಮೇಲೆ ಒತ್ತಿ ಹಿಡಿಯುವ ಅರಗು ಕೂಡ ಒಂದು ಕೀಟ ಕೊಟ್ಟ ನೈಸರ್ಗಿಕ ಪಾಲಿಮರ್. ಅದನ್ನೇ ಶುದ್ಧ ಮಾಡಿದರೆ ಶೆಲ್ಯಾಕ್. ಮಾತ್ರೆಗಳ ಮೇಲಿನ ಹೊದಿಕೆಗೆ ಅದನ್ನು ಬಳಸುತ್ತಾರೆ. ಹೊಟ್ಟೆಯ ಆಮ್ಲಕ್ಕೆ ಬೇಗ ಕರಗದೆ, ಕರುಳಿಗೆ ಹೋದಮೇಲೆ ಕರಗುವುದು ಅದರ ಗುಣ. ಕನಕಪುರ, ಮಾಗಡಿಯ ಹಿಪ್ಪುನೇರಳೆ ತೋಟ, ರಾಮನಗರದ ಗೂಡು ಮಾರುಕಟ್ಟೆ, ಚನ್ನಪಟ್ಟಣದ ಅರಗು: ಪ್ರಪಂಚ ಓದುತ್ತಿರುವ ವಿಜ್ಞಾನದ ಕಚ್ಚಾ ಮಾಲು ನಮ್ಮ ಕೈಯಲ್ಲಿದೆ. ಅದರ ಮೇಲೆ ಬರೆದ ಲೇಖನಗಳಲ್ಲಿ ನಮ್ಮ ಮಕ್ಕಳ ಹೆಸರು ಎಷ್ಟಿವೆ ಎಂಬುದು ನಮ್ಮನ್ನು ಕಾಡಿದ ಪ್ರಶ್ನೆ.

ಇಲ್ಲಿ ನಮ್ಮ ಎರಡು ತಪ್ಪುಗಳನ್ನು ಸಭೆಯ ಮುಂದೆ ಹೇಳಬೇಕು. ದಾನಿಗಳ ಹಣ ಅಮಾನತ್. ಅದರ ಲೆಕ್ಕದಲ್ಲಿ ತಪ್ಪಿನ ಲೆಕ್ಕವೂ ಸೇರುತ್ತದೆ.

ಮೊದಲನೆಯದು, ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಲೇಖನ ಪ್ರಕಟಣೆಗೆ ಶುಲ್ಕ ಬೇಕೆಂದು ಕೇಳಿದರು. ಒಂದೇ ವಾರದಲ್ಲಿ ಅಚ್ಚಾಗುತ್ತದೆ ಎಂದರು. ನಾವು ಸಂತೋಷದಿಂದ ಕೊಟ್ಟೆವು, ಸಭೆಯಲ್ಲಿ ಶಾಲು ಹೊದಿಸಿದೆವು. ಆಮೇಲೆ ತಿಳಿಯಿತು, ಆ ಪತ್ರಿಕೆ ಲೇಖನವನ್ನು ಯಾವ ತಜ್ಞರಿಗೂ ತೋರಿಸುವುದಿಲ್ಲ, ಹಣ ಕೊಟ್ಟರೆ ಏನನ್ನೂ ಹಾಕುತ್ತದೆ. ಆ ಹುಡುಗನಿಗೆ ಕೆಲಸದ ಸಂದರ್ಶನದಲ್ಲಿ ಅದೇ ಲೇಖನ ಮುಜುಗರ ತಂದಿತು. ತಪ್ಪು ಆ ಹುಡುಗನದ್ದಕ್ಕಿಂತ ನಮ್ಮದು ಹೆಚ್ಚು. ನಾವು ವಿಚಾರಿಸಲಿಲ್ಲ. ಒಳ್ಳೆಯ ಪತ್ರಿಕೆಗಳಲ್ಲೂ ಶುಲ್ಕ ಪಡೆಯುವವು ಇವೆ. ಆದರೆ ಅಲ್ಲಿ ಲೇಖನ ತಜ್ಞರ ಕೈಗೆ ಹೋಗುತ್ತದೆ, ಪ್ರಶ್ನೆಗಳು ಬರುತ್ತವೆ, ತಿದ್ದಿ ಕಳಿಸಬೇಕಾಗುತ್ತದೆ, ಎಷ್ಟೋ ಸಲ ಬೇಡವೆಂದು ವಾಪಸ್ಸೂ ಬರುತ್ತದೆ. ತಿಂಗಳುಗಳು ಹಿಡಿಯುತ್ತವೆ. ವಾರದಲ್ಲಿ ಅಚ್ಚು ಮಾಡುತ್ತೇವೆ ಎಂದರೆ ಎಚ್ಚರವಾಗಿರಿ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಬೇಸಿನ್ ಕೆಲಸ ಮಾಡುವ ತಾಯಿಯ ಮಗಳೊಬ್ಬಳು ಬಿ.ಎಸ್ಸಿ. ಮುಗಿಸಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಸೀಟು ಪಡೆದು ನಮ್ಮ ಬಳಿ ಬಂದಳು. ನಮ್ಮ ನಿಯಮದಲ್ಲಿ ಪದವಿಯವರೆಗೆ ಮಾತ್ರ ಸಹಾಯ ಇತ್ತು. ಇಲ್ಲ ಎಂದೆವು. ತಾಯಿ ಮಗಳು ಇಬ್ಬರೂ ಏನೂ ಹೇಳದೆ ಅರ್ಜಿ ವಾಪಸ್ ಪಡೆದು ಹೋದರು. ಆಕೆ ಓದು ಮುಂದುವರಿಸಲಿಲ್ಲ. ಅವತ್ತು ನಾವು ನಿಯಮ ಪಾಲಿಸಿದೆವು ಎಂದುಕೊಂಡೆವು. ಧಾರವಾಡದ ಲೇಖನಗಳ ಮೊದಲ ಹೆಸರು ನೋಡಿದಾಗ ನಮಗೆ ನೆನಪಾದದ್ದು ಅವಳೇ. ಪದವಿಯ ನಂತರದ ಎರಡು ವರ್ಷವೇ ಸಂಶೋಧನೆಯ ಬಾಗಿಲು. ಆ ಬಾಗಿಲಿಗೆ ನಾವೇ ಚಿಲಕ ಹಾಕಿದ್ದೆವು.

ಆ ಬಾಗಿಲು ದಾಟಿದರೆ ಮುಂದೆ ದಾರಿ ಇದೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಷಿಪ್. ಅಲ್ಪಸಂಖ್ಯಾತ ಸಂಶೋಧಕರಿಗೆ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಷಿಪ್ ಅನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ. ಆದ್ದರಿಂದ ಈಗ ಜೆಆರ್‌ಎಫ್ ತಯಾರಿಯೇ ಮುಖ್ಯ. ಅದಕ್ಕೆ ಎಂ.ಎಸ್ಸಿ. ಓದುವಾಗಲೇ ನೆರವು ಬೇಕು. ಅಲ್ಲಿ ನಮ್ಮಂಥ ಟ್ರಸ್ಟ್‌ಗಳೇ ನಿಲ್ಲಬೇಕು.

ಆದ್ದರಿಂದ ಸಮಿತಿ ಈ ತೀರ್ಮಾನಗಳನ್ನು ಮಾಡಿದೆ. ಇದನ್ನೇ ವಿದ್ಯಾರ್ಥಿವೇತನದ ಸೂಚನೆ ಎಂದು ತಿಳಿಯಿರಿ.

1. ಈ ವರ್ಷದಿಂದ ಎಂ.ಎಸ್ಸಿ. ಮತ್ತು ಸಮಾನ ಸ್ನಾತಕೋತ್ತರ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಪಿಎಚ್.ಡಿ. ಸೇರಿ ಫೆಲೋಷಿಪ್ ಇನ್ನೂ ಬಾರದವರಿಗೆ ಪ್ರಯಾಣ, ಹಾಸ್ಟೆಲ್, ಪರೀಕ್ಷಾ ಶುಲ್ಕದ ನೆರವು ಪರಿಶೀಲಿಸಲಾಗುವುದು.

2. ಜಕಾತ್ ನಿಧಿ ಅದರ ಹಕ್ಕುದಾರರಿಗೆ ಮಾತ್ರ. ಉಳಿದ ದೇಣಿಗೆಯ ನಿಧಿಯಿಂದ ನಾಲ್ಕೂ ತಾಲ್ಲೂಕುಗಳ ಯಾವುದೇ ಸಮುದಾಯದ ಬಡ ವಿದ್ಯಾರ್ಥಿ ನೆರವು ಕೇಳಬಹುದು.

3. ಸಂಶೋಧನಾ ವಿದ್ಯಾರ್ಥಿಗಳನ್ನು ಎಷ್ಟು ಲೇಖನ ಎಂದು ನಾವು ಕೇಳುವುದಿಲ್ಲ. ಅವರು ಒಂದೇ ಒಂದು ಕೆಲಸ ಆರಿಸಿ, ಅದು ಏನು, ಅದರಲ್ಲಿ ತಮ್ಮ ಪಾಲು ಎಷ್ಟು, ಅದನ್ನು ಯಾರು ಬಳಸಿದರು ಅಥವಾ ಬಳಸಬಹುದು ಎಂಬುದನ್ನು ಒಂದು ಪುಟದಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ಕೊಡಬೇಕು. ಪ್ರಯೋಗ ವಿಫಲವಾಗಿದ್ದರೆ ಹಾಗೆಂದೇ ಬರೆಯಬಹುದು. ಅದಕ್ಕಾಗಿ ನೆರವು ಕಡಿತವಾಗುವುದಿಲ್ಲ.

4. ಮಾರ್ಗದರ್ಶಕರ ಪತ್ರವಿಲ್ಲದೆ ಪ್ರಕಟಣಾ ಶುಲ್ಕ ಕೊಡಲಾಗುವುದಿಲ್ಲ.

5. ನೆರವು ಪಡೆದ ಸಂಶೋಧಕರು ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ರೀಲಿಂಗ್ ಕುಟುಂಬಗಳ, ಬೊಂಬೆ ಕೆಲಸಗಾರರ ಮುಂದೆ ತಮ್ಮ ಕೆಲಸ ವಿವರಿಸಬೇಕು.

ಅರ್ಜಿಯ ಜೊತೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಪ್ರವೇಶ ಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇರಲಿ. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರೆ ಅದರ ಪ್ರತಿಯನ್ನೂ ಲಗತ್ತಿಸಿ. ಸರ್ಕಾರದ ವೇತನಕ್ಕೆ ಅರ್ಹರಾದವರು ಅದನ್ನು ಬಿಡಬಾರದು. ನಮ್ಮ ನಿಧಿ ಅದು ಸಿಗದವರಿಗೆ, ಸಾಲದವರಿಗೆ ಉಳಿಯಲಿ. ಎಂ.ಎಸ್ಸಿ. ಸೀಟು ಸಿಕ್ಕಿಯೂ ಓದು ಬಿಟ್ಟ ಹೆಣ್ಣುಮಕ್ಕಳು ಮತ್ತೆ ಸೇರಲು ಬಯಸಿದರೆ ಅವರ ಅರ್ಜಿಯನ್ನು ಮೊದಲು ನೋಡುತ್ತೇವೆ. ನಾವು ವಾಪಸ್ ಕಳಿಸಿದ ಆ ಮಗಳ ಮನೆಗೆ ಸಮಿತಿಯ ಸದಸ್ಯರೇ ಹೋಗಿ ಅರ್ಜಿ ನಮೂನೆ ಕೊಟ್ಟು ಬಂದಿದ್ದಾರೆ. ಉತ್ತರಕ್ಕಾಗಿ ಕಾಯುತ್ತಿದ್ದೇವೆ.

ಮನುಷ್ಯ ಹೋದಮೇಲೂ ಅವನ ಲೆಕ್ಕಕ್ಕೆ ಸೇರುತ್ತಿರುವ ಕೆಲವೇ ವಸ್ತುಗಳಲ್ಲಿ ಜನರಿಗೆ ಉಪಯೋಗವಾಗುವ ಇಲ್ಮ್ ಒಂದು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಯಾವುದೋ ದೇಶದ, ಯಾವುದೋ ಭಾಷೆಯ ವಿದ್ಯಾರ್ಥಿಯೊಬ್ಬಳು ಧಾರವಾಡದ ಆ ಲೇಖನ ತೆರೆದು ತನ್ನ ಪ್ರಯೋಗ ಶುರುಮಾಡುವಾಗ ಆಗುವುದು ಅದೇ. ಮುಂದೊಂದು ದಿನ ಅಂತಹ ಲೇಖನದ ಮೊದಲ ಹೆಸರು ಈ ಸಭೆಯಲ್ಲಿ ಕುಳಿತಿರುವ ಒಂದು ಮಗುವಿನದ್ದಾಗಲಿ. ಅದರ ರೆಂಡಿಟ್ಟಾ ಚೆನ್ನಾಗಿರಲಿ. ನಿಮ್ಮೆಲ್ಲರ ದುವಾದಲ್ಲಿ ಈ ಮಕ್ಕಳನ್ನು ನೆನೆಯಿರಿ.